ಮೊದಲ ಸಹಿಗೆ ಮುನ್ನ: ಗೃಹ ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಗೃಹ ಸಚಿವರಿಗೆ ವಂದನೆಗಳು.

ಮೂವತ್ತೊಂದು ವರ್ಷ ವಿಧಿವಿಜ್ಞಾನ (ಫೊರೆನ್ಸಿಕ್) ಪ್ರಯೋಗಾಲಯಗಳಲ್ಲಿ ರಕ್ತದ ಕಲೆ, ಒಳಾಂಗ, ವಿಷ ಎಂದು ಕೆಲಸ ಮಾಡಿ ನಿವೃತ್ತಳಾದವಳು ನಾನು. ನನಗಾಗಿ ಕೇಳುವುದು ಏನೂ ಉಳಿದಿಲ್ಲ. ಪಿಂಚಣಿ ತಪ್ಪದೆ ಬರುತ್ತಿದೆ, ಮೂಗಿಗೆ ಹತ್ತಿದ್ದ ವಾಸನೆಯೂ ಹೆಚ್ಚುಕಡಿಮೆ ಹೋಗಿದೆ. ಈ ಪತ್ರವನ್ನು ಬರೆಸಿದವಳು ನಮ್ಮ ಬೀದಿಯ ಒಬ್ಬ ಹುಡುಗಿ.

ಕಳೆದ ತಿಂಗಳು ಅವಳು ಪೇಢೆಯ ಪೊಟ್ಟಣ ಹಿಡಿದು ಮನೆಗೆ ಬಂದಳು. ಧಾರವಾಡದಲ್ಲಿ ವಿಧಿವಿಜ್ಞಾನದ ಎಂ.ಎಸ್ಸಿ. ಮುಗಿಸಿ ಎರಡು ವರ್ಷ ಅಲೆದ ಮೇಲೆ ಒಂದು ಪ್ರಯೋಗಾಲಯದಲ್ಲಿ ಹನ್ನೊಂದು ತಿಂಗಳ ಗುತ್ತಿಗೆಯ ಕೆಲಸ ಸಿಕ್ಕಿತ್ತು. ‘ಆಂಟಿ, ಮೊದಲ ದಿನ ನಾನು ಏನು ಮಾಡಬೇಕು?’ ಎಂದು ಕೇಳಿದಳು. ‘ಏನು ಹೇಳಿದರೂ ಮಾಡು, ಸಹಿ ಮಾತ್ರ ಹಾಕಬೇಡ’ ಎಂದೆ. ನಕ್ಕಳು. ಆಮೇಲೆ, ‘ಎಷ್ಟು ದಿನ?’ ಎಂದಳು. ನಾನು ಕೆಲಸದಲ್ಲಿದ್ದಷ್ಟು ಕಾಲ ಆ ಪ್ರಶ್ನೆಗೆ ಯಾರೂ ನನಗೊಂದು ಖಚಿತ ಉತ್ತರ ಹೇಳಿರಲಿಲ್ಲ. ಅವಳಿಗೂ ನನ್ನಿಂದ ಹೇಳಲಾಗಲಿಲ್ಲ. ಉತ್ತರವನ್ನು ಕೊಡಬಲ್ಲವರು ನೀವು.

ಮೊದಲು ಕಾನೂನಿನ ಮಾತು ಮುಗಿಸಿಬಿಡುತ್ತೇನೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176ನೇ ಕಲಮಿನ 3ನೇ ಉಪಕಲಮು ನಿಮಗೆ ತಿಳಿದದ್ದೇ. ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆ ವಿಧಿಸಬಹುದಾದ ಅಪರಾಧ ನಡೆದಿದೆ ಎಂಬ ಮಾಹಿತಿ ಬಂದರೆ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಲೇಬೇಕು, ಸಾಕ್ಷ್ಯ ಸಂಗ್ರಹಿಸಬೇಕು, ಅದರ ವಿಡಿಯೊ ಚಿತ್ರೀಕರಣವೂ ಆಗಬೇಕು. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷಗಳ ಅವಕಾಶವಿದೆ. ಏಳು ವರ್ಷ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕೊಲೆ, ಅತ್ಯಾಚಾರ, ದರೋಡೆ. ಆದರೆ ವಾಸದ ಮನೆಯಲ್ಲಿ ನಡೆದ ಕಳ್ಳತನಕ್ಕೂ ಏಳು ವರ್ಷದವರೆಗೆ ಶಿಕ್ಷೆಯಿದೆ. ಹಣ ಲಪಟಾಯಿಸಿದ ವಂಚನೆಗೂ ಇದೆ. ಬೀಗ ಒಡೆದ ಪ್ರತಿಯೊಂದು ಮನೆಯ ಹೊಸ್ತಿಲಿಗೂ ಒಬ್ಬ ತಜ್ಞರು ಬರಬೇಕು ಎಂದಾಯಿತು. ಒಂದು ತಾಲ್ಲೂಕಿನ ಒಂದು ಠಾಣೆಯ ಒಂದು ತಿಂಗಳ ದಾಖಲೆಯನ್ನು ತರಿಸಿ ನೋಡಿದರೂ ಸಾಕು, ಎಷ್ಟು ಜನ ಬೇಕಾಗುತ್ತದೆ ಎಂಬುದು ಅರ್ಥವಾದೀತು.

ಅಷ್ಟು ಜನ ಎಲ್ಲಿಂದ ಬರುತ್ತಾರೆ? ಕಾಲೇಜಿನಿಂದ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನದ ವಿಭಾಗ ಬಹಳ ಹಿಂದಿನಿಂದಲೂ ಇದೆ. ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ಸಿಗೆ ಅದೇ ಧಾರವಾಡದಲ್ಲಿ 2023ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. ಬೆಂಗಳೂರಿನ ಖಾಸಗಿ ಕಾಲೇಜುಗಳಲ್ಲಿ ಈ ವಿಷಯದ ಬಿ.ಎಸ್ಸಿ. ಈಗ ಬೇಡಿಕೆಯ ಕೋರ್ಸು. ಮಕ್ಕಳು ಓದುತ್ತಿದ್ದಾರೆ, ಅಪ್ಪ ಅಮ್ಮ ಸಾಲ ಮಾಡಿ ಓದಿಸುತ್ತಿದ್ದಾರೆ. ಇತ್ತ ನಿಮ್ಮ ಇಲಾಖೆಗೆ ಗಡುವಿನ ಒತ್ತಡವಿದೆ. ಅವಸರದ ಎರಡು ಕೈಗಳು ಸೇರಿ ನಾಳೆ ಸಾವಿರ ಹೊಸಬರನ್ನು ಒಮ್ಮೆಲೇ ಮೇಜಿನ ಮುಂದೆ ಕೂರಿಸಿ ಕೈಗೆ ಪೆನ್ನು ಕೊಟ್ಟುಬಿಟ್ಟರೆ ಏನಾದೀತು ಎಂಬುದು ನನ್ನ ಚಿಂತೆ. ನೇಮಕಾತಿ ಬೇಡ ಎನ್ನುತ್ತಿಲ್ಲ. ಬೇಗ ಮಾಡಿ, ಪ್ರತಿ ವರ್ಷ ಮಾಡಿ. ಹತ್ತು ವರ್ಷ ಸುಮ್ಮನಿದ್ದು ಒಮ್ಮೆಲೇ ನೂರಾರು ಜನರನ್ನು ತುಂಬಿದರೆ ಹೊಸಬರಿಗೆ ಕಲಿಸುವ ನಡುವಯಸ್ಸಿನವರೇ ಇರುವುದಿಲ್ಲ. ಮೇಲೆ ಅಜ್ಜಂದಿರು, ಕೆಳಗೆ ಮಕ್ಕಳು, ನಡುವೆ ಖಾಲಿ. ಆದರೆ ಸೇರಿದವರಿಗೆ ಪೆನ್ನು ಕೊಡುವ ಮುನ್ನ ಸ್ವಲ್ಪ ತಡೆಯಿರಿ.

ಸಹಿಯ ಬಗ್ಗೆ ಇಷ್ಟೇಕೆ ಗೋಳು ಎಂದು ನೀವು ಕೇಳಬಹುದು. ಸರ್ಕಾರಿ ನೌಕರರು ದಿನಕ್ಕೆ ನೂರು ಸಹಿ ಹಾಕುತ್ತಾರೆ. ಆದರೆ ವಿಧಿವಿಜ್ಞಾನದ ವರದಿಯ ಕೆಳಗಿನ ಸಹಿ ಬೇರೆ ಜಾತಿಯದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 293ನೇ ಕಲಮು, ಈಗಿನ ಸಂಹಿತೆಯ 329ನೇ ಕಲಮು, ಕೆಲವು ಸರ್ಕಾರಿ ವೈಜ್ಞಾನಿಕ ತಜ್ಞರ ವರದಿಗೆ ಒಂದು ವಿಶೇಷ ಮರ್ಯಾದೆ ಕೊಟ್ಟಿದೆ. ಬರೆದವರು ನ್ಯಾಯಾಲಯಕ್ಕೆ ಬಂದು ಹೇಳದಿದ್ದರೂ ಆ ವರದಿಯನ್ನು ಸಾಕ್ಷ್ಯವಾಗಿ ಬಳಸಬಹುದು. ಕಣ್ಣಾರೆ ಕಂಡ ಸಾಕ್ಷಿಗೂ ಇಲ್ಲದ ಸವಲತ್ತು ಅದು. ಕಣ್ಣಾರೆ ಕಂಡವರು ಸಾಕ್ಷಿಕಟ್ಟೆ ಹತ್ತಿ ಪಾಟಿ ಸವಾಲು ಎದುರಿಸಲೇಬೇಕು. ನಮ್ಮ ಕಾಗದ ಮಾತ್ರ ತಾನೇ ನಡೆದುಕೊಂಡು ಹೋಗಿ ಕಡತದಲ್ಲಿ ಕೂರಬಲ್ಲದು. ಹೀಗೆ ನಡೆಯಬಲ್ಲ ಕಾಗದಕ್ಕೆ ಜೀವ ಕೊಡುವವರು ಕಾಲೇಜು ಬಿಟ್ಟು ನಾಲ್ಕು ತಿಂಗಳಾದವರೇ?

ನಾನು ಕೊಟ್ಟಿದ್ದೆ. ಆ ಕಥೆ ಹೇಳುತ್ತೇನೆ. ಊರು, ಪ್ರಯೋಗಾಲಯ ಯಾವುದೆಂಬುದು ಮುಖ್ಯವಲ್ಲ.

ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಸೇರಿದವಳು ನಾನು. ಮೊದಲ ವಾರ ನನಗೆ ಪಾಠ ಹೇಳಿದ್ದು ಯಾವ ವಿಜ್ಞಾನಿಯೂ ಅಲ್ಲ, ಮುದ್ದೆಮಾಲು, ಅಂದರೆ ಪ್ರಕರಣದಲ್ಲಿ ವಶಪಡಿಸಿಕೊಂಡ ವಸ್ತು, ಸ್ವೀಕರಿಸುವ ಕೋಣೆಯ ಹಿರಿಯ ಅಟೆಂಡರ್. ಠಾಣೆಗಳಿಂದ ಬಿಳಿ ಬಟ್ಟೆಯಲ್ಲಿ ಹೊಲಿದ ಗಂಟುಗಳು, ಅರಗಿನ ಮುದ್ರೆ ಒತ್ತಿದ ಡಬ್ಬಗಳು, ಬಾಯಿಗೆ ಮೇಣ ಹಚ್ಚಿದ ಗಾಜಿನ ಭರಣಿಗಳು ಬರುತ್ತಿದ್ದವು. ‘ಮೇಡಂ, ಮೊದಲು ಅರಗು ನೋಡಿ, ಆಮೇಲೆ ಹೆಸರು ನೋಡಿ’ ಎನ್ನುತ್ತಿದ್ದರು ಅವರು. ಪತ್ರದ ಜೊತೆ ಬಂದ ಮಾದರಿ ಮುದ್ರೆಗೂ ಗಂಟಿನ ಮೇಲಿನ ಮುದ್ರೆಗೂ ಹೊಂದಿಕೆಯಾಗದಿದ್ದರೆ ಗಂಟನ್ನು ಬಿಚ್ಚುವಂತಿಲ್ಲ. ಅರಗು ಒಡೆದಿದ್ದರೆ ಬರೆದಿಡಬೇಕು. ಹೊಲಿಗೆ ಎರಡನೇ ಬಾರಿ ಹಾಕಿದಂತಿದ್ದರೆ ಅದನ್ನೂ ಬರೆಯಬೇಕು. ಹಸಿ ರಕ್ತದ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಳುಹಿಸಿದ್ದಾರೆಂದರೆ ಮೂಗೇ ಹೇಳುತ್ತದೆ: ಬೂಷ್ಟು ಹಿಡಿದಿರುತ್ತದೆ, ಒಳಗೆ ಡಿಎನ್‌ಎ ಕೊಳೆತಿರುತ್ತದೆ. ನೆರಳಿನಲ್ಲಿ ಒಣಗಿಸಿ ಕಾಗದದಲ್ಲಿ ಸುತ್ತಬೇಕಾದ ಅಂಗಿ ಅದು. ಕಾಲೇಜಿನಲ್ಲಿ ಓದಿದ್ದ ಒಂದೂ ಸಮೀಕರಣ ಆ ಕೋಣೆಯಲ್ಲಿ ನನ್ನ ಕೈ ಹಿಡಿಯಲಿಲ್ಲ.

ವಿಷಶಾಸ್ತ್ರ ವಿಭಾಗದ ಮೊದಲ ದಿನವಂತೂ ಬೇಡ. ಶವಪರೀಕ್ಷೆಯಲ್ಲಿ ತೆಗೆದ ಹೊಟ್ಟೆ, ಕರುಳಿನ ತುಂಡು, ಯಕೃತ್ತು, ಮೂತ್ರಪಿಂಡ ಉಪ್ಪಿನ ದ್ರಾವಣದಲ್ಲಿ ಮುಳುಗಿ ಬರುತ್ತವೆ. ಜೊತೆಗೆ ಬರಿಯ ಉಪ್ಪಿನ ದ್ರಾವಣದ ಒಂದು ಬಾಟಲಿಯೂ ಬರಬೇಕು, ವಿಷ ದೇಹದಲ್ಲಿತ್ತೋ ಉಪ್ಪಿನ ನೀರಿನಲ್ಲಿತ್ತೋ ಎಂದು ನಾಳೆ ಯಾರಾದರೂ ಕೇಳಿದರೆ ಉತ್ತರ ಕೊಡಲು. ಆ ದಿನ ಮನೆಗೆ ಹೋಗಿ ಎರಡು ಸಲ ತಲೆಗೆ ಸೀಗೆಪುಡಿ ಹಾಕಿಕೊಂಡು ಸ್ನಾನ ಮಾಡಿದೆ. ನಮ್ಮ ಮಾವನವರು ಒಂದು ವಾರ ನನ್ನ ಕೈಯ ಕಾಫಿ ಕುಡಿಯಲಿಲ್ಲ. ಈಗಿನ ಮಕ್ಕಳಿಗೆ ಇದನ್ನು ಹೇಳಿದರೆ ನಗುತ್ತಾರೆ. ಸೇರಿದ ಮೇಲೆ ಮೂರನೇ ದಿನಕ್ಕೆ ನಗು ನಿಲ್ಲುತ್ತದೆ.

ನಾಲ್ಕನೇ ತಿಂಗಳು. ತಿಂಗಳ ಕೊನೆ, ಬಾಕಿ ಪಟ್ಟಿ ಉದ್ದವಿತ್ತು, ವಿಭಾಗದ ಹಿರಿಯರು ರಜೆಯಲ್ಲಿದ್ದರು. ಒಂದು ಮಚ್ಚು, ಒಂದು ಲುಂಗಿ. ಕಲೆಯಿಂದ ದಾರದೆಳೆಯಷ್ಟು ತೆಗೆದು ಬೆಂಜಿಡಿನ್ ಹಾಕಿದರೆ ನೀಲಿ ಬಣ್ಣ ಬರುತ್ತದೆ. ಕ್ಯಾನ್ಸರ್ ತರುವ ರಾಸಾಯನಿಕ ಅದು, ಈಗಿನವರು ಅದನ್ನು ಮುಟ್ಟಬಾರದು. ಫಿನಾಲ್ಫ್ತಲೀನ್ ಬಳಸುವ ಕಾಸಲ್ ಮೇಯರ್ ಪರೀಕ್ಷೆಯಿದೆ, ಗುಲಾಬಿ ಬಣ್ಣ ಬರುತ್ತದೆ. ಯಾವ ಬಣ್ಣ ಬಂದರೂ ಅದು ‘ರಕ್ತವಿರಬಹುದು’ ಎಂಬ ಸುಳಿವು ಮಾತ್ರ. ಕೆಲವು ತರಕಾರಿಗಳ ರಸವೂ ಆ ಬಣ್ಣ ಕೊಡಬಲ್ಲದು. ಕಣ್ಣಿಗಂತೂ ನಮ್ಮ ನಾಡಿನಲ್ಲಿ ಎಲೆಅಡಿಕೆಯ ಉಗುಳು, ಕುಂಕುಮ, ತುಕ್ಕು ಎಲ್ಲವೂ ರಕ್ತವೇ. ಹಾಗಾಗಿ ಮುಂದಿನ ಪರೀಕ್ಷೆಗಳು ಬೇಕು: ಇದು ರಕ್ತವೇ, ರಕ್ತವಾದರೆ ಮನುಷ್ಯನದೇ. ಮನುಷ್ಯನ ರಕ್ತದ ಪ್ರೋಟೀನಿಗೆ ಮಾತ್ರ ಸ್ಪಂದಿಸುವ ಆಂಟಿಸೀರಮ್ಮಿನೊಂದಿಗೆ ಕಲೆಯ ಸಾರವನ್ನು ಸೇರಿಸಿದರೆ ಎರಡೂ ಕೂಡುವಲ್ಲಿ ಒಂದು ಬಿಳಿ ಗೆರೆ ಮೂಡುತ್ತದೆ. ಮೂಡಿತು. ‘ಮಾನವ ರಕ್ತ’ ಎಂದು ಬರೆದೆ. ‘ಸಹಿ ಹಾಕಿಬಿಡಿ, ಎಲ್ಲರೂ ಹೀಗೇ ಕಲಿತದ್ದು’ ಎಂದರು ಪಕ್ಕದ ಮೇಜಿನವರು. ಹಾಕಿದೆ.

ಆರು ವರ್ಷದ ನಂತರ ಸಮನ್ಸ್ ಬಂತು. ಅಷ್ಟರಲ್ಲಿ ಸಾವಿರಾರು ಕಲೆಗಳನ್ನು ನೋಡಿದ್ದೆ, ಆ ಲುಂಗಿಯ ಬಣ್ಣವೂ ನೆನಪಿರಲಿಲ್ಲ. ಸರ್ಕಾರಿ ಅಭಿಯೋಜಕರು ಮುಖ್ಯ ವಿಚಾರಣೆಯನ್ನು ಐದು ನಿಮಿಷದಲ್ಲಿ ಮುಗಿಸಿದರು. ಆಮೇಲೆ ಎದ್ದವರು ಬಿಳಿ ಕೂದಲಿನ ವಕೀಲರು, ಮಾತು ಬಹಳ ಮೃದು. ಆರೋಪಿಯ ಕುಟುಂಬದ ಕಸುಬು ಮಾಂಸದ ಅಂಗಡಿ ಎಂದು ಅವರಿಂದಲೇ ನನಗೆ ಗೊತ್ತಾಯಿತು. ‘ಮೇಡಂ, ಅಂದು ನೀವು ಬಳಸಿದ ಆಂಟಿಸೀರಮ್ ಕುರಿಯ ರಕ್ತಕ್ಕೆ ಗೆರೆ ತೋರಿಸುತ್ತಿರಲಿಲ್ಲ ಎಂದು ನಿಮಗೆ ಹೇಗೆ ಗೊತ್ತು?’ ನಾನು ಕುರಿಯ ರಕ್ತವನ್ನು ಪಕ್ಕದಲ್ಲೇ ಹಾಕಿ ನೋಡಿದ್ದೆ. ಮನುಷ್ಯನ ರಕ್ತವನ್ನೂ, ಬರಿಯ ಲವಣಜಲವನ್ನೂ ಹಾಕಿದ್ದೆ. ಈ ಹೋಲಿಕೆಯ ಮಾದರಿಗಳಿಲ್ಲದೆ ಆ ಪರೀಕ್ಷೆಗೆ ಅರ್ಥವಿಲ್ಲ ಎಂಬುದು ನನಗೆ ಗೊತ್ತಿತ್ತು. ‘ಹಾಕಿದ್ದೆ’ ಎಂದೆ. ‘ಎಲ್ಲಿ ಬರೆದಿದ್ದೀರಿ?’ ಎಂದರು. ಪರೀಕ್ಷೆ ಮಾಡುವಾಗಲೇ ಬರೆದಿಡುವ ಕಾರ್ಯಹಾಳೆಯನ್ನು ತಿರುವಿದೆ. ಆಂಟಿಸೀರಮ್ಮಿನ ಬ್ಯಾಚ್ ಸಂಖ್ಯೆ ಇರಲಿಲ್ಲ, ಕುರಿಯ ಹೆಸರೂ ಇರಲಿಲ್ಲ. ‘ಧನ್ಯವಾದಗಳು, ಕುಳಿತುಕೊಳ್ಳಿ’ ಎಂದರು ಅವರು. ಸಾಕ್ಷಿಕಟ್ಟೆಯಲ್ಲಿ ಕುರ್ಚಿ ಇರಲಿಲ್ಲ.

ನ್ಯಾಯಾಧೀಶರು ನನ್ನ ವರದಿಯನ್ನು ಬದಿಗಿಟ್ಟರು, ಆರೋಪಿ ಬಿಡುಗಡೆಯಾದ. ಅವನು ತಪ್ಪಿತಸ್ಥನೋ ಅಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಗೊತ್ತುಮಾಡಿಕೊಡುವುದೇ ನನ್ನ ಕೆಲಸವಾಗಿತ್ತು. ಅವನು ನಿರಪರಾಧಿಯಾಗಿದ್ದರೆ ಆರು ವರ್ಷ ನ್ಯಾಯಾಲಯಕ್ಕೆ ಅಲೆದದ್ದರಲ್ಲಿ ನನ್ನ ಕಾಗದದ ಪಾಲೂ ಇದೆ, ಅಪರಾಧಿಯಾಗಿದ್ದರೆ ಅವನು ಹೊರಗೆ ಬಂದದ್ದರಲ್ಲಿಯೂ ಇದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರಲ್ಲ, ತನಿಖಾಧಿಕಾರಿ ವರ್ಷಗಟ್ಟಲೆ ತಟ್ಟಿ ಮಾಡಿದ ಮಡಕೆಗೆ ದೊಣ್ಣೆ ಹಿಡಿದು ಕೊಟ್ಟವಳು ನಾನು.

ಇದು ನನ್ನೊಬ್ಬಳ ಕಥೆಯಾಗಿದ್ದರೆ ನಿಮ್ಮ ಸಮಯ ತೆಗೆದುಕೊಳ್ಳುತ್ತಿರಲಿಲ್ಲ. ದೆಹಲಿಯ ಛಾವ್ಲಾ ಪ್ರಕರಣವನ್ನು ನೆನಪಿಸಿಕೊಳ್ಳಿ. 2012ರಲ್ಲಿ ಒಬ್ಬ ಯುವತಿಯನ್ನು ಅಪಹರಿಸಿ ಕೊಂದ ಪ್ರಕರಣ ಅದು. ಕೆಳಗಿನ ನ್ಯಾಯಾಲಯ ಮೂವರಿಗೆ ಗಲ್ಲು ವಿಧಿಸಿತು, ಹೈಕೋರ್ಟ್ ಎತ್ತಿಹಿಡಿಯಿತು. 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮೂವರನ್ನೂ ಬಿಡುಗಡೆ ಮಾಡಿತು. ಡಿಎನ್‌ಎ ವರದಿ ಇತ್ತು. ಆದರೆ ಮಾದರಿಗಳು ಪ್ರಯೋಗಾಲಯಕ್ಕೆ ಹೋಗುವ ಮುನ್ನ ಹಲವು ದಿನ ವಶಪಡಿಸಿಕೊಂಡ ವಸ್ತುಗಳನ್ನಿಡುವ ಠಾಣೆಯ ಮಾಲ್‌ಖಾನೆಯಲ್ಲಿ ಬಿದ್ದಿದ್ದವು. ತಜ್ಞರು ಯಾವ ಆಧಾರದ ಮೇಲೆ ಆ ತೀರ್ಮಾನಕ್ಕೆ ಬಂದರು, ವಿಧಾನವನ್ನು ಸರಿಯಾಗಿ ಅನ್ವಯಿಸಿದರೇ ಎಂಬುದನ್ನು ಕೆಳಗಿನ ನ್ಯಾಯಾಲಯಗಳು ಪರಿಶೀಲಿಸಲೇ ಇಲ್ಲ ಎಂದಿತು ನ್ಯಾಯಪೀಠ. ಅಂದರೆ ‘ಹೊಂದಿಕೆಯಾಗಿದೆ’ ಎಂದು ಬರೆದು ಸಹಿ ಹಾಕಿದರೆ ಇನ್ನು ಸಾಲದು. ಹೇಗೆ ಹೊಂದಿತು ಎಂಬುದನ್ನು ಕಟ್ಟೆಯಲ್ಲಿ ನಿಂತು, ವಿಜ್ಞಾನ ಓದದ ನ್ಯಾಯಾಧೀಶರಿಗೆ, ವಿಜ್ಞಾನ ಓದಿಕೊಂಡೇ ಬಂದಿರುವ ವಕೀಲರ ಎದುರು ಬಿಡಿಸಿ ಹೇಳಲು ಬರಬೇಕು. ಇದನ್ನು ಯಾವ ಪಠ್ಯಕ್ರಮವೂ ಕಲಿಸುವುದಿಲ್ಲ. ನೋಡಿ ಕಲಿಯಬೇಕು. ನೋಡುವುದಕ್ಕೆ ಸಮಯ ಬೇಕು.

ಇನ್ನು ಬಾಕಿ ಪ್ರಕರಣಗಳ ಲೆಕ್ಕ. ಪ್ರತಿ ಪರಿಶೀಲನಾ ಸಭೆಯಲ್ಲೂ ನಿಮ್ಮ ಮುಂದೆ ಆ ಪಟ್ಟಿ ಬರುತ್ತದೆ, ನೀವು ಸಿಟ್ಟಾಗುತ್ತೀರಿ, ನ್ಯಾಯವೇ. ಆ ಸಿಟ್ಟು ಮೆಟ್ಟಿಲಿಳಿದು ಕೊನೆಗೆ ತಲುಪುವುದು ಅತಿ ಕಿರಿಯರ ಮೇಜಿಗೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಒಂದು ಮಾದಕವಸ್ತು ಪ್ರಯೋಗಾಲಯದಲ್ಲಿ ಆ್ಯನಿ ಡೂಕನ್ ಎಂಬ ರಸಾಯನ ತಜ್ಞೆಯಿದ್ದಳು. ಸಹೋದ್ಯೋಗಿಗಳಿಗಿಂತ ಹಲವು ಪಟ್ಟು ವೇಗ, ಎಲ್ಲರ ಮೆಚ್ಚುಗೆ. ಆಮೇಲೆ ಬಯಲಾಯಿತು: ಎಷ್ಟೋ ಮಾದರಿಗಳನ್ನು ಅವಳು ಪರೀಕ್ಷಿಸಿರಲೇ ಇಲ್ಲ, ಕಣ್ಣಳತೆಯಲ್ಲಿ ನೋಡಿ ಬರೆದಿದ್ದಳು. ತನಗಿಲ್ಲದ ಸ್ನಾತಕೋತ್ತರ ಪದವಿಯನ್ನೂ ಹೇಳಿಕೊಂಡಿದ್ದಳು. 2013ರಲ್ಲಿ ತಪ್ಪೊಪ್ಪಿಕೊಂಡು ಜೈಲಿಗೆ ಹೋದಳು. 2017ರಲ್ಲಿ 21,000ಕ್ಕೂ ಹೆಚ್ಚು ಪ್ರಕರಣಗಳು ಅವಳೊಬ್ಬಳ ಕಾರಣಕ್ಕೆ ರದ್ದಾದವು. ಅವಳನ್ನು ಕೆಟ್ಟವಳು ಎಂದುಬಿಡುವುದು ಸುಲಭ. ಆ ವೇಗವನ್ನು ವರ್ಷಗಟ್ಟಲೆ ನೋಡಿಯೂ ‘ಇದು ಹೇಗೆ ಸಾಧ್ಯ?’ ಎಂದು ಕೇಳದೆ ಬೆನ್ನು ತಟ್ಟಿದ ಮೇಲಿನವರ ಬಗ್ಗೆ ನನಗೆ ಹೆಚ್ಚು ಸಿಟ್ಟು. ಹೊಸಬರಿಗೆ ತಿಂಗಳಿಗೆ ಇಷ್ಟು ಪ್ರಕರಣ ಎಂದು ಗುರಿ ಕೊಡುವ ಯಾವ ಕಚೇರಿಯೂ ತನಗೆ ಗೊತ್ತಿಲ್ಲದೆಯೇ ಒಬ್ಬ ಡೂಕನ್‌ಗೆ ಜಾಗ ಮಾಡುತ್ತಿರುತ್ತದೆ.

ಮೋಸವೇ ಇಲ್ಲದೆ ಕೂಡ ಕೆಲಸ ಕೆಡುತ್ತದೆ. ಜರ್ಮನಿಯಲ್ಲಿ ಹೈಲ್‌ಬ್ರಾನ್ ಊರಿನ ಪೊಲೀಸ್ ಅಧಿಕಾರಿಣಿಯೊಬ್ಬರ ಕೊಲೆ 2007ರಲ್ಲಿ ನಡೆಯಿತು. ಸ್ಥಳದಲ್ಲಿ ಸಿಕ್ಕ ಡಿಎನ್‌ಎ ಒಬ್ಬ ಹೆಂಗಸಿನದು. ಅದೇ ಡಿಎನ್‌ಎ ಜರ್ಮನಿ, ಆಸ್ಟ್ರಿಯಾ, ಫ್ರಾನ್ಸುಗಳ ಸುಮಾರು 40 ಅಪರಾಧ ಸ್ಥಳಗಳಲ್ಲಿ ಸಿಕ್ಕಿತ್ತು. ಮೂರು ದೇಶಗಳ ಪೊಲೀಸರು ಆ ಮಾಯಾವಿ ಹೆಂಗಸನ್ನು ಹುಡುಕಿದ್ದೇ ಹುಡುಕಿದ್ದು, ಮೂರು ಲಕ್ಷ ಯೂರೊ ಬಹುಮಾನವನ್ನೂ ಸಾರಿದರು. 2009ರಲ್ಲಿ ಸಿಕ್ಕವಳು ಹತ್ತಿಯ ಕಡ್ಡಿ ತಯಾರಿಸುವ ಕಡೆ ಪ್ಯಾಕಿಂಗ್ ಕೆಲಸ ಮಾಡುತ್ತಿದ್ದ ಒಬ್ಬ ಮುಗ್ಧ ಕಾರ್ಮಿಕೆ. ರಕ್ತ ಒರೆಸಿಕೊಳ್ಳಲು ಬಳಸಿದ ಕಡ್ಡಿಯಲ್ಲೇ ಅವಳ ಡಿಎನ್‌ಎ ಇತ್ತು. ಕಡ್ಡಿಗಳಲ್ಲಿ ರೋಗಾಣು ಇರಲಿಲ್ಲ, ಆದರೆ ರೋಗಾಣು ಸತ್ತ ಮಾತ್ರಕ್ಕೆ ಡಿಎನ್‌ಎ ಹೋಗುವುದಿಲ್ಲ. ಯಾವ ತನಿಖೆಗೂ ಹೋಗದ ಹೊಸ ಕಡ್ಡಿಯೊಂದನ್ನು ಪ್ರತಿ ಬಾರಿಯೂ ಜೊತೆಗಿಟ್ಟು ಪರೀಕ್ಷಿಸುವ ಅಭ್ಯಾಸವಿದ್ದಿದ್ದರೆ ಆ ಮಾಯಾವಿ ಬಹಳ ಮೊದಲೇ ಸಿಕ್ಕಿಬೀಳುತ್ತಿದ್ದಳು. ನನ್ನ ಕುರಿಯ ರಕ್ತದ ಹಾಗೆಯೇ. ಅಭ್ಯಾಸ ಎಂಬುದು ಸುತ್ತೋಲೆಯಿಂದ ಬರುವುದಿಲ್ಲ, ಪಕ್ಕದಲ್ಲಿ ನಿಂತವರು ಕೈ ತಡೆದಾಗ ಬರುತ್ತದೆ.

ಹಾಗಾದರೆ ನಾನು ಕೇಳುತ್ತಿರುವುದೇನು? ಹೊಸಬರಿಗೆ ‘ಎಲ್’ ಬೋರ್ಡ್ ಕೊಡಿ ಸ್ವಾಮಿ, ಅಷ್ಟೇ. ಸ್ಕೂಟರ್ ಓಡಿಸುವವರಿಗೂ ಮೊದಲು ಕಲಿಯುವ ಲೈಸೆನ್ಸ್. ಎಂಬಿಬಿಎಸ್ ಮುಗಿಸಿದವರಿಗೆ ಒಂದು ವರ್ಷ ಇಂಟರ್ನ್‌ಶಿಪ್. ಕಾನ್‌ಸ್ಟೆಬಲ್‌ಗಳಿಗೆ ತರಬೇತಿ ಶಾಲೆ. ರಾಜ್ಯದ ನೌಕರರಿಗೆ ಹೇಗೂ ಎರಡು ವರ್ಷದ ಪ್ರೊಬೇಷನ್ ಅವಧಿ ಇದೆ. ಈಗ ಅದು ಕಡತದಲ್ಲಿ ದಿನ ಎಣಿಸುವುದಕ್ಕೆ ಮಾತ್ರ ಬಳಕೆಯಾಗುತ್ತದೆ. ಆ ಎರಡು ವರ್ಷದಲ್ಲಿ ಹೊಸಬರು ಪರೀಕ್ಷೆ ಮಾಡಲಿ, ಕಾರ್ಯಹಾಳೆ ಬರೆಯಲಿ, ಸ್ಥಳಕ್ಕೆ ಹೋಗಲಿ. ವರದಿಗೆ ಸಹಿ ಹಾಕುವುದು ಅವರ ಪಕ್ಕದಲ್ಲಿ ನಿಂತು ನೋಡಿದ ಹಿರಿಯರಾಗಿರಲಿ. ಉತ್ತರ ಮೊದಲೇ ಗೊತ್ತಿರುವ ಮಾದರಿಗಳನ್ನು ಅವರಿಗೆ ಹೇಳದೆ ನಡುನಡುವೆ ಕೊಟ್ಟು ನೋಡಿ. ತಿಂಗಳಿಗೊಂದು ದಿನ ನ್ಯಾಯಾಲಯದಲ್ಲಿ ಹಿಂದಿನ ಬೆಂಚಿನಲ್ಲಿ ಕೂರಿಸಿ. ನಿವೃತ್ತ ನ್ಯಾಯಾಧೀಶರನ್ನೂ ಬಿಡುವಿರುವ ವಕೀಲರನ್ನೂ ಕರೆಸಿ ಪ್ರಯೋಗಾಲಯದ ಸಭಾಂಗಣದಲ್ಲೇ ಅಣಕು ಪಾಟಿ ಸವಾಲು ನಡೆಸಿ. ಅಲ್ಲಿ ಅತ್ತರೆ ಚಿಂತೆಯಿಲ್ಲ. ಎರಡು ವರ್ಷ ಮುಗಿದ ಮೇಲೆ ಯಾವ ಯಾವ ಪರೀಕ್ಷೆಗೆ ಇವರು ಸಹಿ ಹಾಕಬಹುದು ಎಂದು ಹೆಸರಿಸಿ ಬರೆದುಕೊಡಿ. ಇದು ನನ್ನ ತಲೆಯಿಂದ ಹೊಸದಾಗಿ ಹುಟ್ಟಿದ್ದಲ್ಲ. ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವಾಗ ನೋಡುವ ಐಎಸ್‌ಒ 17025 ಮಾನದಂಡವೂ ಕೆಲಸಗಾರರ ಸಾಮರ್ಥ್ಯವನ್ನು ಪರೀಕ್ಷಿಸಿ, ನಿರ್ದಿಷ್ಟ ಕೆಲಸಕ್ಕೆ ಅಧಿಕಾರ ಕೊಡಬೇಕು ಎನ್ನುತ್ತದೆ. ಕಾಗದದಲ್ಲಿರುವುದನ್ನು ಮೇಜಿಗೆ ಇಳಿಸಿ ಎಂದಷ್ಟೇ ಕೋರಿಕೆ.

‘ಎರಡು ವರ್ಷ ಸಹಿ ಹಾಕದಿದ್ದರೆ ಬಾಕಿ ಇನ್ನೂ ಬೆಳೆಯುತ್ತದೆ’ ಎಂದು ನಿಮ್ಮ ಅಧಿಕಾರಿಗಳು ಹೇಳುತ್ತಾರೆ. ಬೆಳೆಯುತ್ತದೆ, ಮೊದಲ ವರ್ಷ. ಹೊಸಬರು ಮಾಡುವ ಕೆಲಸವೇನೂ ನಿಲ್ಲುವುದಿಲ್ಲ, ಹಿರಿಯರ ಮೇಲಿನ ಭಾರ ಮಾತ್ರ ಹೆಚ್ಚುತ್ತದೆ. ಅದಕ್ಕೆ ನಮ್ಮಂಥ ನಿವೃತ್ತರನ್ನು ಕಲಿಸುವುದಕ್ಕೆಂದು ವಾರಕ್ಕೆರಡು ದಿನ ಕರೆಯಿರಿ. ಗೌರವಧನ ಎಷ್ಟು ಎಂದು ಕೇಳದೆ ಬರುವವರು ಕೆಲವರಾದರೂ ನನಗೆ ಗೊತ್ತು.

ಗುತ್ತಿಗೆಯ ವಿಷಯದಲ್ಲಿ ಮಾತ್ರ ನಾನು ಮೆದುವಾಗಿ ಹೇಳಲಾರೆ. ನನ್ನ ಮೊದಲ ಸಹಿಗೆ ಸಮನ್ಸ್ ಬಂದದ್ದು ಆರು ವರ್ಷಕ್ಕೆ. ಹನ್ನೊಂದು ತಿಂಗಳ ಗುತ್ತಿಗೆಯ ಹುಡುಗಿ ಇಂದು ಸಹಿ ಹಾಕಿದ ವರದಿಗೆ ಆರು ವರ್ಷದ ಮೇಲೆ ಸಮನ್ಸ್ ಬಂದಾಗ ಅವಳು ಎಲ್ಲಿರುತ್ತಾಳೆ? ಹೈದರಾಬಾದಿನ ಯಾವುದೋ ಔಷಧ ಕಂಪನಿಯಲ್ಲಿ, ಇಲ್ಲವೇ ಮಗುವನ್ನು ಶಾಲೆಗೆ ಬಿಡುತ್ತ ಬೇರೆ ಊರಿನಲ್ಲಿ. ಅವಳ ಕಾರ್ಯಹಾಳೆ ಯಾವ ಬೀರುವಿನಲ್ಲಿದೆ ಎಂದು ಹೇಳುವವರು ಯಾರು? ಅವಳ ಬಸ್ಸಿನ ಖರ್ಚು ಯಾರದು, ಆ ದಿನದ ರಜೆ ಯಾರು ಕೊಡುತ್ತಾರೆ? ಅವಳು ಬಾರದಿದ್ದರೆ ವಾರಂಟ್ ಅವಳ ಮೇಲೆ, ಪ್ರಕರಣ ಬಿದ್ದರೆ ನಷ್ಟ ದೂರುದಾರರದು. ಪ್ರಯೋಗಾಲಯದ ಲೆಕ್ಕದಲ್ಲಿ ಮಾತ್ರ ಆ ತಿಂಗಳು ‘ವಿಲೇವಾರಿ’ ಚೆನ್ನಾಗಿರುತ್ತದೆ. ದತ್ತಾಂಶ ನಮೂದಿಗೆ, ಉಪಕರಣದ ನಿರ್ವಹಣೆಗೆ ಗುತ್ತಿಗೆಯವರನ್ನು ತೆಗೆದುಕೊಳ್ಳಿ. ನ್ಯಾಯಾಲಯದಲ್ಲಿ ನಿಲ್ಲಬೇಕಾದವರನ್ನು ಹನ್ನೊಂದು ತಿಂಗಳಿಗೆ ಬಾಡಿಗೆ ತರಬೇಡಿ.

ಈ ಪತ್ರವನ್ನು ಓದುತ್ತಿರುವ, ಕೆಲಸ ಹುಡುಕುತ್ತಿರುವ ಮಕ್ಕಳೇ, ನಿಮ್ಮ ಜೊತೆಯೂ ಎರಡು ಮಾತು. ಕಾಲೇಜುಗಳಿಗೆ ಉಪನ್ಯಾಸಕ್ಕೆ ಹೋದಾಗ ಮೊದಲ ಪ್ರಶ್ನೆ ಮಂಪರು ಪರೀಕ್ಷೆಯದೇ. ಒಪ್ಪಿಗೆಯಿಲ್ಲದೆ ಯಾರನ್ನೂ ಮಂಪರು, ಸುಳ್ಳು ಪತ್ತೆ ಅಥವಾ ಮಿದುಳು ಅಲೆಗಳ ಪರೀಕ್ಷೆಗೆ ಒಳಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2010ರ ಮೇ 5ರಂದೇ ಹೇಳಿದೆ, ಅದೂ ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ. ಆ ಕುತೂಹಲವನ್ನು ಟಿವಿಗೆ ಬಿಟ್ಟುಬಿಡಿ. ಅರ್ಜಿ ಹಾಕುವ ಮುನ್ನ ಅಧಿಸೂಚನೆಯ ವಿದ್ಯಾರ್ಹತೆಯ ಸಾಲನ್ನು ಎರಡು ಸಲ ಓದಿ. ಕೆಲವು ಹುದ್ದೆಗಳಿಗೆ ರಸಾಯನಶಾಸ್ತ್ರ, ಜೀವಶಾಸ್ತ್ರ, ಭೌತಶಾಸ್ತ್ರಗಳಂಥ ಮೂಲ ವಿಜ್ಞಾನದ ಪದವಿಯನ್ನೇ ಕೇಳುತ್ತಾರೆ. ಸಚಿವರೇ, ಮಕ್ಕಳು ಲಕ್ಷ ಸುರಿದು ಓದುವ ಮುನ್ನವೇ ಯಾವ ಪದವಿ ಯಾವ ಹುದ್ದೆಗೆ ಸಲ್ಲುತ್ತದೆ ಎಂದು ನಿಮ್ಮ ಇಲಾಖೆ ಒಂದು ಪುಟದಲ್ಲಿ ಪ್ರಕಟಿಸಿದರೆ ಅರ್ಧ ಮನೆಗಳ ಜಗಳ ತಪ್ಪುತ್ತದೆ.

ಮತ್ತೆ ಮಕ್ಕಳಿಗೆ: ಬರೆಯುವುದನ್ನು ಕಲಿಯಿರಿ. ಉಪಕರಣವನ್ನು ಆರು ತಿಂಗಳಲ್ಲಿ ಕಲಿಯಬಹುದು, ವಾಕ್ಯವನ್ನು ಕಲಿಯಲು ಬಹಳ ದಿನ ಬೇಕು. ‘ವಿಷ ಪತ್ತೆಯಾಗಿಲ್ಲ’ ಎಂದರೆ ‘ವಿಷ ಇರಲಿಲ್ಲ’ ಎಂದಲ್ಲ. ಅಕ್ಕಿಗೆ ಹುಳ ಬಾರದಂತೆ ಇಡುವ ಮಾತ್ರೆಯನ್ನು ನುಂಗಿದವರ ಒಳಾಂಗದಿಂದ ಫಾಸ್ಫೀನ್ ಅನಿಲ ಹಾರಿಹೋಗಿರಬಹುದು, ಭರಣಿ ತಡವಾಗಿ ಬಂದಿರಬಹುದು. ‘ಈ ರಕ್ತ ಇವನದೇ’ ಎನ್ನುವುದಕ್ಕೂ ‘ಇವನನ್ನು ಹೊರಗಿಡಲಾಗದು’ ಎನ್ನುವುದಕ್ಕೂ ನಡುವೆ ಒಬ್ಬ ಮನುಷ್ಯನ ಕುತ್ತಿಗೆಯಿರುತ್ತದೆ. ತನಿಖಾಧಿಕಾರಿ ಫೋನ್ ಮಾಡಿ ‘ಸ್ವಲ್ಪ ಗಟ್ಟಿಯಾಗಿ ಬರೆದುಕೊಡಿ ಮೇಡಂ’ ಎಂದು ಕೇಳುವ ದಿನ ಬರುತ್ತದೆ. ಚಹಾ ಕುಡಿಸಿ ಕಳುಹಿಸಿ. ಗಟ್ಟಿಯಾಗಿ ಬರೆಯಬೇಡಿ.

ಬೆರಳಚ್ಚಿನ ವರ್ಗೀಕರಣ ಪದ್ಧತಿ ಇಂದಿಗೂ ಹೆನ್ರಿ ಎಂಬ ಪೊಲೀಸ್ ಅಧಿಕಾರಿಯ ಹೆಸರಿನಲ್ಲಿದೆ. ಕಲ್ಕತ್ತೆಯಲ್ಲಿ ಕೂತು ಅದರ ಲೆಕ್ಕವನ್ನೆಲ್ಲ ಹಾಕಿದವರು ಅವನ ಕೈಕೆಳಗಿನ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. 1897ರಲ್ಲಿ ಅಲ್ಲಿ ಬೆರಳಚ್ಚು ವಿಭಾಗ ಶುರುವಾಯಿತು, ಹೆಸರು ಮಾತ್ರ ಮೇಲಿನವರಿಗೆ ಹೋಯಿತು. ಕಿರಿಯರ ಕೆಲಸಕ್ಕೆ ಹಿರಿಯರ ಸಹಿ ಬೀಳಲಿ ಎಂದು ನಾನು ಕೇಳುವಾಗ ಈ ಅನ್ಯಾಯವೂ ನೆನಪಾಗುತ್ತದೆ. ಅದಕ್ಕೇ ವರದಿಯಲ್ಲಿ ಎರಡು ಹೆಸರುಗಳಿರಲಿ: ಪರೀಕ್ಷೆ ಮಾಡಿದವರು ಇವರು, ನೋಡಿ ಒಪ್ಪಿದವರು ಇವರು ಎಂದು. ಮರೆಮಾಚಬಾರದು, ಒಬ್ಬರ ಮೇಲೇ ಹೊರಿಸಲೂಬಾರದು.

ಇಷ್ಟು ಬರೆದು ಪೆನ್ನು ಕೆಳಗಿಡುವಷ್ಟರಲ್ಲಿ ಅಂಚೆಯವರು ಒಂದು ಸಮನ್ಸ್ ಕೊಟ್ಟುಹೋದರು. 2013ರಲ್ಲಿ ನಾನು ಸಹಿ ಹಾಕಿದ ವರದಿಯೊಂದು ಉತ್ತರ ಕರ್ನಾಟಕದ ಒಂದು ಸೆಷನ್ಸ್ ನ್ಯಾಯಾಲಯದಲ್ಲಿ ಈಗ ವಿಚಾರಣೆಗೆ ಬಂದಿದೆ. ನಿವೃತ್ತಿಯಾದರೂ ಸಹಿಗೆ ನಿವೃತ್ತಿಯಿಲ್ಲವಲ್ಲ. ಹಳೆಯ ಕಚೇರಿಗೆ ಫೋನ್ ಮಾಡಿ ಕಾರ್ಯಹಾಳೆಯ ಪ್ರತಿ ತರಿಸಿಕೊಂಡೆ. ಬ್ಯಾಚ್ ಸಂಖ್ಯೆ ಇದೆ, ಹೋಲಿಕೆಯ ಮಾದರಿಗಳೆಲ್ಲ ಇವೆ, ಕುರಿಯೂ ಇದೆ. ಬುಧವಾರ ರಾತ್ರಿಯ ಬಸ್ಸಿಗೆ ಸೀಟು ಹಿಡಿದಿದ್ದೇನೆ.

ಪೇಢೆ ತಂದ ಹುಡುಗಿಗೆ ವಿಷಯ ತಿಳಿಸಿದೆ. ‘ನಾನೂ ಬಂದು ಹಿಂದೆ ಕೂತು ನೋಡಲೇ ಆಂಟಿ?’ ಎಂದು ಕೇಳಿದಳು. ಮಾರನೆಯ ದಿನ ಸಪ್ಪೆ ದನಿಯಲ್ಲಿ ಮತ್ತೆ ಫೋನ್ ಮಾಡಿದಳು. ಗುತ್ತಿಗೆಯವರಿಗೆ ಅಂಥದ್ದಕ್ಕೆ ರಜೆ ಇಲ್ಲವಂತೆ, ಬಂದರೆ ಎರಡು ದಿನದ ಸಂಬಳ ಕಡಿತವಂತೆ. ಮೇಜಿನ ಮೇಲೆ ಹದಿನೇಳು ವರದಿಗಳು ಸಹಿಗೆ ಕಾದಿವೆಯಂತೆ.

ಇಂತಿ,
ನಿವೃತ್ತ ವೈಜ್ಞಾನಿಕ ಅಧಿಕಾರಿ